ಮಿಕ್ಕ ಮೂರು ಮತಗಳು

ಫೆಬ್ರವರಿ ೩, ಸೋಮವಾರ

ಈ ಪುಸ್ತಕವನ್ನು ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಕೊಂಡೆ. ಬೈಯಬೇಕು ಅನ್ನಿಸಿದಾಗ ಯಾರೂ ಸಿಗುವುದಿಲ್ಲ, ಸಿಕ್ಕವರು ತಿರುಗಿ ಬೈಯುತ್ತಾರೆ. ಇದಾದರೆ ಸುಮ್ಮನಿರುತ್ತದೆ.

ಇವತ್ತಿನಿಂದ ಕುಣಿಗಲ್ಲಿಗೆ ಫ್ಯಾಕ್ಟರಿ ಬಸ್ ಇಲ್ಲ. ಖರ್ಚು ಹೆಚ್ಚಾಯಿತೆಂದು ಕಂಪನಿಯವರು ನಾಲ್ಕು ಬಸ್ಸಿನಲ್ಲಿ ಒಂದನ್ನು ನಿಲ್ಲಿಸಿದರು. ಯಾವುದನ್ನು ನಿಲ್ಲಿಸಬೇಕೆಂದು ಹೇಳಿದ್ದು ಮಾತ್ರ ನಮ್ಮದೇ ಕಾರ್ಮಿಕರ ಕ್ಷೇಮ ಸಮಿತಿ. ಸಮಿತಿಯಲ್ಲಿ ಐದು ಜನ, ಐವರೂ ತುಮಕೂರು ಪೇಟೆಯವರು. ಪೇಟೆಯೊಳಗೆ ಸುತ್ತುವ ಎರಡು ಬಸ್ಸೂ ಉಳಿದವು, ಗುಬ್ಬಿಯದೂ ಉಳಿಯಿತು. ಹೋದದ್ದು ನಮ್ಮದು.

ನಾವು ಕುಣಿಗಲ್ ಕಡೆಯವರು ಇಪ್ಪತ್ತನಾಲ್ಕು ಜನ, ಹೆಚ್ಚಿನವರು ಹೆಂಗಸರು. ತುಮಕೂರಿನ ಹೊರಗಿನ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಬೈಕುಗಳಿಗೆ ವೈರಿನ ಕಟ್ಟು ತಯಾರಿಸುತ್ತೇವೆ. ನನ್ನದು ಚೆಕ್ಕಿಂಗ್. ಬಣ್ಣ ತಪ್ಪಿದ್ದರೆ, ಕ್ಲಿಪ್ ಸಡಿಲವಿದ್ದರೆ ಕೆಂಪು ಡಬ್ಬಕ್ಕೆ ಎಸೆಯುತ್ತೇನೆ. ಮನೆಯಲ್ಲೂ ಇವಳು ಹೀಗೇ, ಎಲ್ಲರನ್ನೂ ಡಬ್ಬಕ್ಕೆ ಹಾಕ್ತಾಳೆ ಎಂದು ಅತ್ತೆ ಪುಟ್ಟಗಂಗಮ್ಮನವರು ನೆಂಟರ ಮುಂದೆ ಹೇಳುತ್ತಿರುತ್ತಾರೆ.

ಬೆಳಗಿನ ಪಾಳಿ ಆರಕ್ಕೆ. ಕುಣಿಗಲ್ಲಿನ ಮೊದಲ ಸರ್ಕಾರಿ ಬಸ್ ಹತ್ತಿ, ತುಮಕೂರಿನಲ್ಲಿಳಿದು, ಇನ್ನೊಂದು ಹತ್ತಿ ಫ್ಯಾಕ್ಟರಿಗೆ ಬರುವಷ್ಟರಲ್ಲಿ ಗೇಟು ಹಾಕಿರುತ್ತಾರೆ. ಸಂಜೆ ಪಾಳಿಯಾದರೆ ವಾಪಸ್ ಹೋಗಲು ಬಸ್ಸೇ ಇಲ್ಲ.

ನನ್ನ ಗಂಡ ಮುತ್ತುರಾಜ್ ಟಾಟಾ ಏಸ್ ಓಡಿಸುತ್ತಾರೆ. ಊಟಕ್ಕೆ ಕೂತಾಗ ಹೇಳಿದರು. "ಜೂನಿಗೆ ಪಾಪೂನ ಒಂದನೇ ಕ್ಲಾಸಿಗೆ ಸೇರ್ಸ್ಬೇಕು. ಅಲ್ಲೀಗಂಟ ನೋಡು. ಬಸ್ ಬರ್ದೇ ಇದ್ರೆ ಕೆಲ್ಸ ಬಿಟ್ಬುಡು ಅತ್ಲಾಗೆ. ಹಿಂಗೆ ಓಡಾಡಿ ನೀನು ಮಲಗಿಕೊಂಡ್ರೆ ಯಾರು ನೋಡೋರು?" ಕೋಪದಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಅವರು ಮುದ್ದೆ ಮುರಿಯುತ್ತಾ ಮೆತ್ತಗೆ ಹೇಳಿದರು.

ಬಿ.ಎ. ಎರಡನೇ ವರ್ಷಕ್ಕೆ ಬಿಡಿಸಿದಾಗಲೂ ಅಪ್ಪ ಹೀಗೇ ಮೆತ್ತಗೆ ಹೇಳಿದ್ದರು. ಈ ಕೆಲಸ ನಾನೇ ಹುಡುಕಿಕೊಂಡದ್ದು. ಬಿಡುವುದಿಲ್ಲ.

ಫೆಬ್ರವರಿ ೬, ಗುರುವಾರ

ಮತ್ತೆ ಲೇಟು. ಪೇಟೆಯವರಿಗೆ ಬಸ್ಸು ಮನೆ ಬಾಗಿಲಿಗೇ ಬರಬೇಕು. ನಡೆದರೆ ಕಾಲು ಸವೆಯುತ್ತದೇನೋ. ಎಲ್ಲರೂ ಒಂದೇ ಅಚ್ಚಿನವರು.

ಫೆಬ್ರವರಿ ೧೧, ಮಂಗಳವಾರ

ನಮ್ಮ ಲೈನಿನ ಸೂಪರ್‌ವೈಸರ್ ಅರುಣಾ ಮೇಡಂ ಭಾನುಪ್ರಿಯಾ ಎಂಬ ನನ್ನ ಹೆಸರಿನ ಮುಂದೆ ಲೇಟ್ ಎಂದು ಬರೆದು, ಪೆನ್ನಿನ ಮುಚ್ಚಳ ಹಾಕಿದ ಮೇಲೆ ಕೇಳಿದರು. "ನಾಳೆನೂ ಹೀಗೇ ಬರ್ತೀಯಾ?"

"ಬರ್ತೀನಿ ಮೇಡಂ. ಇನ್ನೇನು ಹೆಲಿಕಾಪ್ಟರ್ ಇದೆಯಾ ನಂಗೆ?"

ಬೈಯುತ್ತಾರೆ ಅಂದುಕೊಂಡೆ. ಅವರು ನಕ್ಕುಬಿಟ್ಟರು. "ಶಿರಾ ಗೇಟ್ ಹತ್ರ ನಮ್ಮನೆ. ನಮ್ಮೆಜಮಾನ್ರು ಲಾರಿ ಮೇಲೆ ಹೋದ್ರೆ ವಾರಗಟ್ಲೆ ಬರಲ್ಲ. ಮುಂದಿನ ಕೋಣೆ ಖಾಲಿ ಬಿದ್ದಿದೆ. ಬಟ್ಟೆ ತಗೊಂಡು ಬಾ."

ನಾನು ಬೇಡವೆಂದೆ. ಸಂಜೆ ಆಗುವಷ್ಟರಲ್ಲಿ ಹೂಂ ಎಂದೆ. ಈಗ ಅವರ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನನಗೆ ಚಾಪೆ ಹಾಸಿ, ಅದರ ಮೇಲೆ ತಮ್ಮದೇ ಹಾಸಿಗೆ ತಂದು ಹಾಕಿದ್ದಾರೆ. ಅವರಿಗೇನು ಹಾಸಿಗೆ ಎಂದು ಕೇಳಿದರೆ, "ನಂಗೆ ಬೆನ್ನುನೋವು ಕಣೇ, ಡಾಕ್ಟ್ರು ನೆಲದ ಮೇಲೆ ಮಲಗು ಅಂದವ್ರೆ" ಅಂದರು. ಸುಳ್ಳು. ಚೆಕ್ಕಿಂಗಿನವಳಿಗೆ ಅಷ್ಟು ಗೊತ್ತಾಗುತ್ತದೆ.

ಅವರೂ ಪೇಟೆಯವರೇ. ಆದರೆ ಇವರ ವಿಷಯ ಬೇರೆ.

ಫೆಬ್ರವರಿ ೨೨, ಶನಿವಾರ

ವಾರಕ್ಕೊಮ್ಮೆ ಮನೆಗೆ. ಮಗಳು ಅಮೂಲ್ಯಾ ಬಾಗಿಲಲ್ಲೇ ನಿಂತಿದ್ದಳು, ಓಡಿ ಬರಲಿಲ್ಲ. ಅತ್ತೆಯ ಸೆರಗು ಹಿಡಿದುಕೊಂಡು ನನ್ನನ್ನು ನೋಡಿದಳು. ಹತ್ತಿರ ಹೋದ ಮೇಲೆ ಬಂದು ತಬ್ಬಿಕೊಂಡಳು, ಆದರೆ ಮೊದಲ ಆ ಕ್ಷಣ ನನ್ನ ಎದೆಯಲ್ಲಿ ಉಳಿದುಕೊಂಡಿದೆ.

ರಾತ್ರಿಯ ಊಟಕ್ಕೆ ಮುಂಚೆ ಅತ್ತೆ ತಾವಾಗಿ ಹೇಳಿದರು. "ಮಗೂನ ನಾನು ನೋಡ್ಕೋತೀನಿ, ನೀನ್ಯಾಕೆ ಮೋರೆ ಊದಿಸ್ಕೊಂಡಿದ್ದೀಯ? ನಾನು ನಿನ್ನ ವಯಸ್ನಲ್ಲಿ ರೇಷ್ಮೆ ಗೂಡು ಬಿಡ್ಸಕ್ಕೆ ಹೋಯ್ತಿದ್ದೆ. ಆಗ ನನ್ನತ್ತೆ ನೋಡ್ಕೊಂಡ್ಳು. ಈಗ ನನ್ನ ಪಾಳಿ." ಇಷ್ಟು ವರ್ಷದಲ್ಲಿ ಅತ್ತೆ ನನ್ನ ಪರವಾಗಿ ಮಾತಾಡಿದ್ದು ಇದೇ ಮೊದಲು. ಅಥವಾ ಮೊದಲೂ ಆಡಿದ್ದರೋ, ನನ್ನ ಕಿವಿಗೆ ಬೀಳಲಿಲ್ಲವೋ.

ಮಾರ್ಚ್ ೭, ಶುಕ್ರವಾರ

ಏಪ್ರಿಲ್‌ನಲ್ಲಿ ಸಮಿತಿಗೆ ಹೊಸ ಚುನಾವಣೆ. ಪ್ರತಿ ಸಲವೂ ಇದೇ ಹಾಡು. ಒಟ್ಟು ನೂರಿಪ್ಪತ್ತು ಜನ. ಪೇಟೆಯವರು ಎಪ್ಪತ್ತು, ಗುಬ್ಬಿಯವರು ಇಪ್ಪತ್ತಾರು, ನಾವು ಇಪ್ಪತ್ತನಾಲ್ಕು. ಒಬ್ಬೊಬ್ಬರಿಗೂ ಐದು ಓಟು. ಸಮಿತಿಯ ಅಧ್ಯಕ್ಷ ಗಂಗಾಧರ್ ಐದು ಹೆಸರು ಹೇಳುತ್ತಾರೆ, ಎಪ್ಪತ್ತು ಜನ ಅದೇ ಐದಕ್ಕೆ ಒತ್ತುತ್ತಾರೆ, ಐದೂ ಗೆಲ್ಲುತ್ತವೆ.

ಮೊನ್ನೆ ಮಧ್ಯಾಹ್ನ ಗುಬ್ಬಿ ಕಡೆಯ ಅಂಜನಪ್ಪ ಕ್ಯಾಂಟೀನಿನಲ್ಲಿ ನಮ್ಮ ಟೇಬಲ್ಲಿಗೆ ಬಂದು ಕೂತರು. ಹಳಬರು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾರೆ. "ನಮ್ ಗುಬ್ಬಿ ತಾವ ಬಿದರೆಹಳ್ಳಿ ಕಾವಲ್‌ನಾಗೆ ಹೆಲಿಕಾಪ್ಟರ್ ಮಾಡ್ತಾವ್ರೆ. ಅದ್ರ ಕೆಳ್ಗೆ ಬದುಕೋ ನಾವು ಬಾಗ್ಲು ಮುರ್ದಿರೋ ಬಸ್ಸಿಗೆ ಕಾಯ್ತೀವಿ. ಈ ವರ್ಸ ನಿಮ್ದು ಹೋತು. ಮುಂದಿನ್ ವರ್ಸ ನಮ್ದು ಹೋತದೆ. ಏನಾದ್ರೂ ಮಾಡ್ಬೇಕಲ್ಲವ್ವ."

ಚುನಾವಣೆ ನಡೆಸಿಕೊಡಲು ಕಂಪನಿಯವರು ಪ್ರತಿ ಸಲ ಕರೆಸುವುದು ಸದಾಶಿವಯ್ಯನವರನ್ನು. ರಿಟೈರಾದ ಹೆಡ್‌ಮಾಸ್ಟರ್, ಬೆಳ್ಳಾವಿಯವರು. ಅಂಜನಪ್ಪ, ನಾನು, ಅರುಣಕ್ಕ ಮೂವರೂ ನಿನ್ನೆ ಅವರನ್ನು ಕಂಡೆವು. (ಮೇಡಂ ಅನ್ನಬೇಡ, ಒಂದೇ ಒಲೆಯಲ್ಲಿ ಉಣ್ಣುತ್ತೇವೆ ಎಂದು ಹೇಳಿದ್ದಾರೆ.) ಮೇಷ್ಟ್ರು ಕುರ್ಚಿ ಎಳೆದುಕೊಂಡು ಪಾಠಕ್ಕೇ ಕೂತರು.

"ಈಗಿರೋ ಪದ್ಧತೀಲಿ ಎಪ್ಪತ್ತು ಜನಕ್ಕೆ ಐದು ಸೀಟು, ಐವತ್ತು ಜನಕ್ಕೆ ಸೊನ್ನೆ. ನೀವು ಓಟು ಹಾಕಿದ್ರೂ ಒಂದೇ, ಮನೇಲಿ ಮಲಗಿದ್ರೂ ಒಂದೇ. ಇನ್ನೊಂದು ಪದ್ಧತಿ ಇದೆ. ರಾಜ್ಯಸಭೆಗೆ ಹಾಗೇ ಮಾಡ್ತಾರೆ. ಒಬ್ಬರಿಗೆ ಒಂದೇ ಓಟು. ಬೇಕಾದವರ ಮುಂದೆ ಒಂದು ಅಂತ ಬರೀರಿ, ಅವರಾದ ಮೇಲೆ ಬೇಕಾದವರಿಗೆ ಎರಡು, ಆಮೇಲೆ ಮೂರು. ಇಪ್ಪತ್ತೊಂದು ಜನ ಒಬ್ಬರಿಗೆ ಒಂದು ಅಂತ ಬರೆದ್ರೆ ಅವರು ಗೆದ್ದ ಹಾಗೆ, ಯಾಕಂದ್ರೆ ನೂರಿಪ್ಪತ್ತರಲ್ಲಿ ಅಷ್ಟು ಓಟು ಐದು ಜನಕ್ಕೆ ಮಾತ್ರ ಸಿಗೋಕೆ ಸಾಧ್ಯ. ಅದಕ್ಕಿಂತ ಜಾಸ್ತಿ ಬಂದ್ರೆ, ಮಿಕ್ಕಿದ್ದು ಹಾಳಾಗಲ್ಲ. ನೀವು ಎರಡು ಅಂತ ಯಾರಿಗೆ ಬರೆದಿದ್ದೀರೋ ಅವರಿಗೆ ಹೋಗುತ್ತೆ. ಪ್ರಮಾಣಾನುಗುಣ ಪ್ರಾತಿನಿಧ್ಯ ಅಂತಾರೆ ಇದಕ್ಕೆ."

ಇದನ್ನು ಚಿಕ್ಕಮಾರಮ್ಮನಿಗೆ ಹೇಳಿದೆ. ಅವಳು ನನ್ನ ಪಕ್ಕದ ಟೇಬಲ್ಲಿನವಳು, ನಮ್ಮ ಕುಣಿಗಲ್ಲಿನವಳೇ. "ಅದ್ರ ಹೆಸ್ರು ಹೇಳಾವಷ್ಟೊತ್ಗೆ ಇರೋ ಬಸ್ಸೂ ಹೊಂಟೋಯ್ತದೆ" ಅಂದಳು.

ಮಾರ್ಚ್ ೧೫, ಶನಿವಾರ

ಸಾಮಾನ್ಯ ಸಭೆ. ಪದ್ಧತಿ ಬದಲಿಸಬೇಕೋ ಬೇಡವೋ ಎಂದು ಕೈಯೆತ್ತಿಸಿದರು.

ಗಂಗಾಧರ್ ಮಾತಾಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಆಮೇಲೆ ನಾನೇ ಮರೆತು ಅವರನ್ನು ಕೆಟ್ಟವರನ್ನಾಗಿ ಮಾಡಿಬಿಡಬಾರದು. "ಹೆಚ್ಚು ಜನ ಏನ್ ಹೇಳ್ತಾರೋ ಅದು ನಡೀಬೇಕು. ಅದೇ ಪ್ರಜಾಪ್ರಭುತ್ವ. ಕ್ಯಾಂಟೀನಲ್ಲಿ ಬಿಸಿಯೂಟ ತಂದಿದ್ದು ಯಾರು? ಮೆಷಿನ್‌ಗೆ ಬೆರಳು ಕೊಟ್ಟೋನಿಗೆ ಪರಿಹಾರ ಕೊಡಿಸಿದ್ದು ಯಾರು? ಐದು ಜನ ಒಂದೇ ಮನಸ್ಸಲ್ಲಿದ್ವಿ, ಅದಕ್ಕೆ ಆಯ್ತು. ನಾಳೆ ಐದು ಜನ ಐದೂರಿಗೆ ಎಳೆದ್ರೆ ಮ್ಯಾನೇಜ್‌ಮೆಂಟ್ ಮುಂದೆ ನಮ್ಮ ಮಾತಿಗೆ ಮೂರ್ಕಾಸಿನ ಬೆಲೆ ಇರಲ್ಲ. ಮೊದ್ಲು ನಾವೆಲ್ಲ ಕೆಲಸಗಾರರು, ಆಮೇಲೆ ಗುಬ್ಬಿ, ಕುಣಿಗಲ್ಲು."

ಚಪ್ಪಾಳೆ ಬಿತ್ತು. ನನ್ನ ಕೈ ಕೂಡ ಏಳುವುದರಲ್ಲಿತ್ತು. ಆ ಬಿಸಿಯೂಟವನ್ನು ನಾನೂ ದಿನಾ ಉಣ್ಣುತ್ತೇನೆ.

ಆಗ ಅರುಣಕ್ಕ ಎದ್ದರು. ಮೈಕು ತೆಗೆದುಕೊಳ್ಳಲಿಲ್ಲ. "ಗಂಗಾಧರಣ್ಣ, ಒಂದೇ ಮನಸ್ಸಲ್ಲಿದ್ವಿ ಅಂದ್ರಲ್ಲ. ಆ ಐದು ಮನಸ್ಸಲ್ಲಿ ಒಂದಾದ್ರೂ ಹೆಂಗಸಿಂದು ಇತ್ತಾ? ನಾವು ಅರ್ಧಕ್ಕರ್ಧ ಹೆಂಗಸರಿದೀವಿ. ಬಸ್ ನಿಲ್ಸಿದ್ರಿ, ಸರಿ. ನಿಲ್ಸೋಕೆ ಮುಂಚೆ ಕುಣಿಗಲ್ಲಿನವ್ರನ್ನ ಒಂದು ಮಾತು ಕೇಳಿದ್ರಾ? ಕೇಳಬೇಕು ಅಂತ ಅನ್ನಿಸಿರಲ್ಲ, ಯಾಕಂದ್ರೆ ಅವ್ರ ಓಟು ನಿಮಗೆ ಬೇಕಾಗೇ ಇಲ್ಲ." ಅಷ್ಟು ಹೇಳಿ ಕೂತುಬಿಟ್ಟರು.

ನಾವು ಗುಬ್ಬಿಯವರು ಸೇರಿ ಐವತ್ತೇ. ಪೇಟೆಯ ಹೆಂಗಸರು ಹನ್ನೆರಡು ಹದಿಮೂರು ಜನ ಕೈಯೆತ್ತಿದ್ದರಿಂದ ಹೊಸ ಪದ್ಧತಿ ಬಂತು. ಅವರ ಊರಿಗೆ ಇದರಿಂದ ನಷ್ಟವೇ ಹೊರತು ಲಾಭವಿಲ್ಲ. ಕೆಲವರ ಮುಖ ಗೊತ್ತು, ಹೆಸರು ಗೊತ್ತಿಲ್ಲ. ಅವರಿಗೆ ಹೇಗೆ ಧನ್ಯವಾದ ಹೇಳುವುದೆಂದು ತಿಳಿಯದೆ, ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಒಬ್ಬರ ಚಪ್ಪಲಿಯನ್ನು ಕಾಲಿನಿಂದ ಅವರ ಕಡೆ ಸರಿಸಿದೆ. ಅವರು ವಿಚಿತ್ರವಾಗಿ ನೋಡಿದರು.

ಮಾರ್ಚ್ ೩೧, ಸೋಮವಾರ

ಯುಗಾದಿಯ ಮಾರನೆ ದಿನ, ಹೊಸತೊಡಕು. ಅರುಣಕ್ಕನನ್ನು ಕುಣಿಗಲ್ಲಿಗೆ ಕರೆದುಕೊಂಡು ಬಂದೆ. ಕೆರೆ ಏರಿ ಮೇಲೆ ಅಮೂಲ್ಯಾ ಅವರ ಕೈ ಹಿಡಿದು ನಡೆದಳು. ಅತ್ತೆ ಕೈಮಾ ಉಂಡೆ ಸಾರು ಮಾಡಿ, ಅವರ ತಟ್ಟೆಗೆ ಬಡಿಸುತ್ತಲೇ ಇದ್ದರು. ನನಗೆ ಕೇಳಿ ಬಡಿಸಿದರು, ಅವರಿಗೆ ಕೇಳಲೇ ಇಲ್ಲ. ಹೊಟ್ಟೆ ತುಂಬಿತು, ಬರೆಯಲಾರೆ.

ಏಪ್ರಿಲ್ ೮, ಮಂಗಳವಾರ

ಕುಣಿಗಲ್ ಕಡೆಯಿಂದ ನಾನು ನಿಂತಿದ್ದೇನೆ. ಗುಬ್ಬಿಯಿಂದ ಅಂಜನಪ್ಪ. ಪೇಟೆಯಿಂದ ಗಂಗಾಧರ್ ಸೇರಿ ಅವರ ಕಡೆಯ ಮೂವರು, ಮೂರನೆಯವರು ಸ್ಟೋರಿನ ರಂಗಣ್ಣ. ಅರುಣಕ್ಕ ಯಾರ ಕಡೆಯೂ ಇಲ್ಲದೆ ಸ್ವತಂತ್ರವಾಗಿ ನಿಂತಿದ್ದಾರೆ. ಆರು ಜನ, ಐದು ಸೀಟು.

ಹೋದ ವಾರ ಅಂಜನಪ್ಪ ಬಂದು ಗುಟ್ಟಿನ ದನಿಯಲ್ಲಿ ಹೇಳಿದರು. "ನಮ್ಮೋರಿಗೆಲ್ಲ ಒಂದೇ ಬರೀರಿ ಅಂದಿವ್ನಿ. ಎರಡು ಗಿರಡು ಬರ್ದ್ರೆ ಒಂದರ ಬೆಲೆ ಕಮ್ಮಿಯಾಯ್ತದೆ. ಒಂದು ಹೆಣ್ಣಿಗೆ ಇಬ್ರು ಗಂಡನ್ನ ಒಪ್ಪಿದಂಗೆ ಆಯ್ತದೆ."

ಹಾಗಲ್ಲ, ಎರಡು ಬರೆದರೆ ಒಂದಕ್ಕೆ ಏನೂ ಆಗುವುದಿಲ್ಲ ಎಂದು ಮೇಷ್ಟ್ರು ನಾಲ್ಕು ಸಲ ಹೇಳಿದ್ದರು. ಆದರೆ ಮೇಷ್ಟ್ರಿಗೆ ಬಸ್ ಬೇಕಾಗಿಲ್ಲ. ನಾಲ್ಕು ಓಟು ತಪ್ಪಿದರೆ ನಮ್ಮದು ಮುಗಿಯಿತು. ಇಪ್ಪತ್ತನಾಲ್ಕರಲ್ಲಿ ಮೂರೇ ಹೆಚ್ಚು ನಮಗೆ. ಹೆದರಿಕೆಗೆ ಅಂಜನಪ್ಪನ ಮಾತೇ ಸರಿ ಅನ್ನಿಸಿತು.

ಭಾನುವಾರ ಎಲ್ಲರನ್ನೂ ನಮ್ಮ ಬೀದಿಯ ಮಾರಮ್ಮನ ಗುಡಿಗೆ ಕರೆದಿದ್ದೆ. ಪಂಚಾಯ್ತಿ ಚುನಾವಣೆಯಲ್ಲಿ ಗಂಡಸರು ಜನರಿಗೆ ಆಣೆ ಹಾಕಿಸಿದಾಗ ನಗುತ್ತಿದ್ದವಳು ನಾನೇ. ತಟ್ಟೆಯಲ್ಲಿ ಕರ್ಪೂರ ಹಚ್ಚಿಸಿ, ಒಬ್ಬೊಬ್ಬರಿಂದಲೂ ಅದರ ಮೇಲೆ ಕೈಯಾಡಿಸಿ ಹೇಳಿಸಿದೆ. ಭಾನುಪ್ರಿಯಾಗೆ ಒಂದು, ಬೇರೆ ಯಾರಿಗೂ ಏನೂ ಇಲ್ಲ. ಕೊನೆಗೆ ನಾನೂ ಕೈಯಾಡಿಸಿದೆ.

ಚಿಕ್ಕಮಾರಮ್ಮ ಕರ್ಪೂರದ ಮುಂದೆ ತುಸು ನಿಂತಳು. "ಅರುಣಮ್ಮೋರಿಗೂ ಬ್ಯಾಡ್ವಾ?" ಎಂದಳು. ಹಿಂದಿನ ತಿಂಗಳು ಅವಳಿಗೆ ಜ್ವರ ಬಂದಾಗ ಎರಡು ದಿನ ಅರುಣಕ್ಕನ ಮನೆಯಲ್ಲೇ ಮಲಗಿದ್ದಳು. ಅವಳೊಬ್ಬಳೇ ಅಲ್ಲ. ಪಾಳಿ ತಪ್ಪಿದಾಗ, ಬಸ್ ತಪ್ಪಿದಾಗ ನಮ್ಮಲ್ಲಿ ಅಲ್ಲಿ ಹೋಗಿ ಮುಖ ತೊಳೆಯದವರು ಕಡಿಮೆ.

"ಬ್ಯಾಡ. ಮೊದ್ಲು ಬಸ್" ಎಂದೆ. ಅವಳು ಕೈಯಾಡಿಸಿದಳು.

ಇವತ್ತು ರಾತ್ರಿ ಅದೇ ಅರುಣಕ್ಕನ ಮನೆಯಲ್ಲಿ ಅವರು ಮಾಡಿದ ಉಪ್ಸಾರು ಉಂಡೆ. ಅವರು ನನ್ನ ಹತ್ತಿರ ಓಟು ಕೇಳಲಿಲ್ಲ. ಕೇಳಿದ್ದರೆ ಏನಾದರೂ ಹೇಳಬಹುದಿತ್ತು.

ಏಪ್ರಿಲ್ ೧೬, ಬುಧವಾರ

ಓಟು ಹಾಕಿದೆವು. ಮೇಷ್ಟ್ರು ಶಿಕ್ಷಕರ ಚುನಾವಣೆಯಲ್ಲಿ ಕೊಡುವಂಥ ನೇರಳೆ ಬಣ್ಣದ ಸ್ಕೆಚ್ ಪೆನ್ ತಂದಿದ್ದರು. ರಟ್ಟಿನ ಮರೆಯಲ್ಲಿ ನಿಂತು ನನ್ನ ಹೆಸರಿನ ಮುಂದೆ ಒಂದು ಎಂದು ಬರೆದೆ. ಅದರ ಕೆಳಗೇ ಅರುಣಕ್ಕನ ಹೆಸರಿತ್ತು. ಪೆನ್ನು ಅಲ್ಲಿಗೆ ಹೋಯಿತು, ಚುಕ್ಕೆಯೂ ಬೀಳದ ಹಾಗೆ ಹಿಂದಕ್ಕೆ ಬಂತು. ಆಣೆ ಹಾಕಿಸಿದವಳೇ ಮುರಿದರೆ, ಉಳಿದ ಇಪ್ಪತ್ತಮೂರು ಜನರ ಮುಖವನ್ನು ಹೇಗೆ ನೋಡುವುದು? ಮಡಿಸಿ ಡಬ್ಬಕ್ಕೆ ಹಾಕಿದೆ.

ಮನೆಗೆ ಬಂದ ಮೇಲೆ ಅರುಣಕ್ಕ ಬೆಲ್ಲದ ಕಾಫಿ ಕೊಟ್ಟರು. ಕುಡಿದೆ. ರುಚಿ ಗೊತ್ತಾಗಲಿಲ್ಲ.

ಏಪ್ರಿಲ್ ೧೭, ಗುರುವಾರ

ನಿಧಾನವಾಗಿ ಬರೆಯಬೇಕು, ಕೈ ಓಡುತ್ತಿದೆ.

ಕ್ಯಾಂಟೀನಿನ ಟೇಬಲ್ ಮೇಲೆ ಎಣಿಕೆ. ಎಲ್ಲರೂ ಸುತ್ತ ನಿಂತಿದ್ದೆವು. ಮೊದಲ ಸುತ್ತಿನಲ್ಲೇ ನಾಲ್ವರು ಗೆದ್ದರು. ಅಂಜನಪ್ಪನಿಗೆ ಇಪ್ಪತ್ತಾರು, ನನಗೆ ಇಪ್ಪತ್ತನಾಲ್ಕು, ಗಂಗಾಧರ್‌ಗೆ ಇಪ್ಪತ್ತೆರಡು, ಅವರ ಜೊತೆಯವರಿಗೆ ಸರಿಯಾಗಿ ಇಪ್ಪತ್ತೊಂದು. ನನ್ನ ಹೆಸರು ಕೂಗಿದಾಗ ನಮ್ಮ ಹೆಂಗಸರು ಕಿರುಚಿದ ರಭಸಕ್ಕೆ ಮೇಷ್ಟ್ರ ಕನ್ನಡಕ ಜಾರಿತು.

ಉಳಿದದ್ದು ಒಂದು ಸೀಟು. ರಂಗಣ್ಣನಿಗೆ ಹದಿನಾಲ್ಕು, ಅರುಣಕ್ಕನಿಗೆ ಹದಿಮೂರು. ಒಂದೇ ಓಟು ಹಿಂದೆ.

"ಈಗ ಗೆದ್ದವರಲ್ಲಿ ಮಿಕ್ಕ ಮತ" ಎಂದರು ಮೇಷ್ಟ್ರು. ಗಂಗಾಧರ್‌ರದ್ದು ಒಂದು ಮಿಕ್ಕಿತ್ತು, ಅದು ರಂಗಣ್ಣನಿಗೆ ಹೋಗಿ ಹದಿನೈದಾಯಿತು. ಅಂಜನಪ್ಪನದು ಐದು ಮಿಕ್ಕಿತ್ತು. ಆದರೆ ಗುಬ್ಬಿಯವರು ಯಾರೂ ಎರಡು ಎಂದು ಬರೆದೇ ಇರಲಿಲ್ಲ. ಆ ಐದೂ ಯಾರಿಗೂ ಸಲ್ಲದೆ ಹೋದವು. ಅಂಜನಪ್ಪ ಹಣೆ ಚಚ್ಚಿಕೊಂಡರು. "ಅರುಣಮ್ಮಂಗೆ ಆಗ್ತಿತ್ತಲ್ರಪ್ಪಾ!"

"ಇನ್ನು ಭಾನುಪ್ರಿಯಾ ಅವರದು. ಮಿಕ್ಕಿದ್ದು ಮೂರು. ಯಾರಿಗೆ ಹೋಗುತ್ತೆ ಅಂತ ತಿಳಿಯೋಕೆ ಇಪ್ಪತ್ತನಾಲ್ಕೂ ಚೀಟಿಯ ಎರಡನೇ ಅಂಕಿ ನೋಡ್ತೀನಿ."

ನಾನು ನೆಲ ನೋಡುತ್ತಾ ನಿಂತೆ. ಅಲ್ಲೂ ಖಾಲಿ ಎಂದು ನನಗೆ ಗೊತ್ತಿತ್ತು. ಆ ಖಾಲಿ ನಾನೇ ಮಾಡಿಸಿದ್ದು.

ಮೇಷ್ಟ್ರು ಒಂದು ಚೀಟಿ ಬಿಡಿಸಿದರು. "ಎರಡು, ಅರುಣಾ." ಇನ್ನೊಂದು. "ಎರಡು, ಅರುಣಾ." ಮತ್ತೊಂದು. ಬಿಡಿಸುತ್ತಾ ಹೋದರು. ಅರುಣಾ, ಅರುಣಾ, ಅರುಣಾ. ನಮ್ಮ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಎಲ್ಲರೂ ಸೂರು ನೋಡತೊಡಗಿದರು. ಪ್ರತಿಯೊಬ್ಬರೂ ತಾನೊಬ್ಬಳೇ ಆಣೆ ತಪ್ಪಿದೆ ಅಂದುಕೊಂಡಿದ್ದರು.

"ಇಪ್ಪತ್ತಮೂರು ಚೀಟೀಲಿ ಎರಡು ಅಂತ ಅರುಣಾ ಅವರಿಗೇ ಇದೆ" ಎಂದರು ಮೇಷ್ಟ್ರು. "ಒಂದರಲ್ಲಿ ಮಾತ್ರ ಏನೂ ಬರೆದಿಲ್ಲ. ಮಿಕ್ಕ ಮೂರೂ ಅರುಣಾ ಅವರಿಗೆ. ಹದಿಮೂರು ಮೂರು ಹದಿನಾರು. ಇಪ್ಪತ್ತೊಂದು ಮುಟ್ಟದಿದ್ರೂ ಕೊನೇ ಸೀಟು ಉಳಿದಿಬ್ಬರಲ್ಲಿ ಹೆಚ್ಚು ಇರೋರಿಗೆ. ಒಂದು ಮತದಿಂದ ಗೆದ್ದರು."

ಅರುಣಕ್ಕ ಅಳುತ್ತಾ ನನ್ನ ಕಡೆಯೇ ಬಂದು ತಬ್ಬಿಕೊಂಡರು. ನಾನೂ ಅತ್ತೆ. ನನ್ನ ಅ‍ಳು ಬೇರೆಯದು.

ಅವರ ಹಾಸಿಗೆಯಲ್ಲಿ ಎರಡು ತಿಂಗಳು ಮಲಗಿದವಳು ನಾನು. ಅವರ ಹೆಸರಿನ ಮುಂದೆ ಖಾಲಿ ಬಿಟ್ಟವಳೂ ನಾನೊಬ್ಬಳೇ. ನನ್ನ ಮಾತು ಕೇಳದೆ ಹೋದ ಇಪ್ಪತ್ತಮೂರು ಜನರೇ ಇವತ್ತು ನನ್ನ ಮಾನ ಉಳಿಸಿದರು. ಮಾರಮ್ಮ ತಾಯಿ, ಅವರ ಮೇಲೆ ಕೋಪ ಮಾಡಿಕೊಳ್ಳಬೇಡ. ಆಣೆ ನನ್ನ ಲೆಕ್ಕಕ್ಕೆ ಹಾಕಿಕೋ.

ಏಪ್ರಿಲ್ ೧೯, ಶನಿವಾರ

ಗಂಗಾಧರ್ ಗೇಟಿನ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. "ಮೊದಲ ಸುತ್ತಲ್ಲಿ ರಂಗಣ್ಣಂಗೆ ಜಾಸ್ತಿ ಇತ್ತು. ಹದಿನಾಲ್ಕು ದೊಡ್ದೋ ಹದಿಮೂರು ದೊಡ್ದೋ? ಇದ್ಯಾವ ನ್ಯಾಯ?"

ಮೇಷ್ಟ್ರ ಹತ್ತಿರ ಇದಕ್ಕೆ ಉತ್ತರವಿರುತ್ತದೆ. ನನ್ನ ಹತ್ತಿರ ಅಷ್ಟು ಸಲೀಸಾದದ್ದಿಲ್ಲ. ನ್ಯಾಯವೇ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ಹಳೆಯ ಪದ್ಧತಿಯಲ್ಲಿ ನಾವು ಐವತ್ತು ಜನ ಸೋತಾಗ ನಮ್ಮ ನೋವು ಯಾರಿಗೂ ಕಾಣಲಿಲ್ಲ. ಈಗ ಸೋತದ್ದು ಒಬ್ಬ ರಂಗಣ್ಣ, ಅವರ ನೋವು ನನಗೆ ಕಾಣುತ್ತಿದೆ. ಯಾವ ತಕ್ಕಡಿ ತಂದರೂ ಕೊನೆಗೊಬ್ಬರು ಹೊರಗೆ ಉಳಿಯುತ್ತಾರೆ. ಆದರೆ ಈ ಸಲ ಪೇಟೆಯವರು ಮೂವರು, ಗುಬ್ಬಿಯದೊಂದು, ನಮ್ಮದೊಂದು. ಎಪ್ಪತ್ತು, ಇಪ್ಪತ್ತಾರು, ಇಪ್ಪತ್ತನಾಲ್ಕಕ್ಕೆ ಇದು ಹೆಚ್ಚುಕಡಿಮೆ ಒಪ್ಪುತ್ತದೆ. ಚೆಕ್ಕಿಂಗಿನವಳಾಗಿ ಹೇಳುತ್ತೇನೆ, ಕೆಂಪು ಡಬ್ಬಕ್ಕೆ ಹಾಕುವಂಥದ್ದಲ್ಲ.

ಸ್ಟೋರಿಗೆ ಟೇಪು ತರಲು ಹೋದಾಗ ರಂಗಣ್ಣ ಎದುರಾದರು. ನನಗೆ ಮುಖ ಎತ್ತಲಾಗಲಿಲ್ಲ. ಅವರೇ ಕೇಳಿದರು. "ಬಸ್ ಬತ್ತದೇನಮ್ಮ ನಿಮ್ದು? ನನ್ನ ತಂಗೀನೂ ಕುಣಿಗಲ್ಲಿಗೇ ಕೊಟ್ಟಿರೋದು. ಬರ್ಲಿ, ಒಳ್ಳೇದಾಗ್ಲಿ." ಟೇಪನ್ನು ಒಂದರ ಬದಲು ಎರಡು ಸುರುಳಿ ಕೊಟ್ಟರು.

ಏಪ್ರಿಲ್ ೨೬, ಶನಿವಾರ

ಹೊಸ ಸಮಿತಿಯ ಮೊದಲ ಸಭೆ. ನನ್ನ ಕುರ್ಚಿ ಗಂಗಾಧರ್ ಎದುರಿಗೇ ಇತ್ತು.

ಹಿಂದಿನ ವಾರವೆಲ್ಲಾ ನಾನು ಪೇಟೆಯ ಎರಡೂ ಬಸ್ಸನ್ನು ಹತ್ತಿ ಇಳಿದು ನೋಡಿದ್ದೆ. ಈಗ ಎಷ್ಟೋ ಜನ ಸ್ಕೂಟರಿನಲ್ಲಿ ಬರುತ್ತಾರೆ, ಎರಡರಲ್ಲೂ ಅರ್ಧ ಸೀಟು ಖಾಲಿ. ಒಂದೇ ಬಸ್ ಸ್ವಲ್ಪ ಸುತ್ತಿ ಬಂದರೆ ಎಲ್ಲರೂ ಹಿಡಿಸುತ್ತಾರೆ, ಮಿಕ್ಕಿದ ಬಸ್ಸನ್ನು ಕುಣಿಗಲ್ಲಿಗೆ ಬಿಡಬಹುದು ಎಂದೆ. ಆದರೆ ಪೇಟೆಯಲ್ಲೇ ಕ್ಯಾತ್ಸಂದ್ರದ ಕಡೆಯವರು ಬೆಳಿಗ್ಗೆ ಬೇಗ ಏಳಬೇಕಾಗುತ್ತದೆ, ಅದನ್ನೂ ಹೇಳಿದೆ. ಮುಚ್ಚಿಟ್ಟರೆ ಮುಂದೆ ನಮಗೇ ತಿರುಗುತ್ತದೆ. ಮಳೆಗಾಲದಲ್ಲಿ ಸ್ಕೂಟರ್ ಬಿಟ್ಟು ಜನ ಹೆಚ್ಚಾದರೆ ಮತ್ತೆ ಕೂತು ಮಾತಾಡೋಣ, ನಮ್ಮ ಬಸ್ಸನ್ನು ಶಾಸನವೆಂದು ತಿಳಿಯುವುದಿಲ್ಲ ಎಂದೂ ಹೇಳಿದೆ.

ಗಂಗಾಧರ್ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಕ್ಯಾತ್ಸಂದ್ರದೋರ ಯೋಚ್ನೆ ನೀವ್ಯಾಕೆ ಮಾಡ್ತಿದೀರಿ?" ಎಂದರು. ಅದರಲ್ಲಿ ಕೇಳುವಂಥದ್ದೇನಿದೆ ಎಂದು ನನಗೆ ಅರ್ಥವಾಗಲಿಲ್ಲ. ಅವರೂ ಇದೇ ಫ್ಯಾಕ್ಟರಿಯವರಲ್ಲವೇ?

ಕೈಯೆತ್ತಿಸಿದರು. ಅಂಜನಪ್ಪ, ನಾನು. ಬೇಡವೆಂದು ಗಂಗಾಧರ್, ಅವರ ಜೊತೆಯವರು. ಅರುಣಕ್ಕನ ಕೈ ನಿಧಾನಕ್ಕೆ ಮೇಲೆದ್ದಿತು. ಬಸ್ ಒಂದಾದರೆ ಶಿರಾ ಗೇಟಿನ ಸ್ಟಾಪು ಹೋಗುತ್ತದೆ, ಅವರು ಇನ್ನು ಮೇಲೆ ಮುಖ್ಯರಸ್ತೆಯವರೆಗೂ ನಡೆಯಬೇಕು. ಆದರೂ ಎತ್ತಿದರು.

ಮೂರಕ್ಕೆ ಎರಡು. ಜೂನ್ ಎರಡರಿಂದ ಕುಣಿಗಲ್ ಬಸ್.

ಸಂಜೆ ಅವರ ಅಡುಗೆಮನೆಯಲ್ಲಿ ಕೂತಿದ್ದೆ. ಅವರು ಮುದ್ದೆ ತೊಳಸುತ್ತಾ ಹೇಳಿದರು. "ನಿಂಗೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ ಭಾನು. ನೀನು ನಿಮ್ಮೋರಿಗೆ ಹೇಳ್ದೇ ಇದ್ದಿದ್ರೆ ಯಾರು ಬರೀತಿದ್ರು ನಂಗೆ?"

ಇನ್ನು ನುಂಗಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಗುಡಿ, ಕರ್ಪೂರ, ಆಣೆ, ಪೆನ್ನು ಹಿಂದಕ್ಕೆ ಬಂದದ್ದು. "ಆ ಖಾಲಿ ಚೀಟಿ ನಂದು ಅರುಣಕ್ಕ."

ಅವರು ಮುದ್ದೆ ತೊಳಸುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಗಂಟಾಗುತ್ತದೆ. ಕಟ್ಟಿ ತಟ್ಟೆಗೆ ಹಾಕಿದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ನಂಗೆ ಸ್ವಲ್ಪ ಬೇಜಾರಾಯ್ತು ಕಣೇ. ಸುಳ್ಳು ಯಾಕೆ ಹೇಳ್ಲಿ?" ಎಂದರು. ಆಮೇಲೆ ದೊಡ್ಡ ಮುದ್ದೆಯ ತಟ್ಟೆಯನ್ನು ನನ್ನ ಮುಂದೆ ತಳ್ಳಿದರು. "ಓಟು ಹಾಕ್ದೇ ಇರೋರಿಗೂ ಈ ಮನೇಲಿ ಊಟ ಇದೆ. ಕೈ ತೊಳ್ಕೊ."

ಇಷ್ಟು ಋಣವನ್ನು ಎಲ್ಲಿ ತೀರಿಸಲಿ? ತೀರಿಸುವುದಕ್ಕಲ್ಲ ಇದು. ಹೊತ್ತುಕೊಂಡು ಇರುವುದಕ್ಕೆ.

ಜೂನ್ ೨, ಸೋಮವಾರ

ಅಮೂಲ್ಯಾ ಇವತ್ತು ಒಂದನೇ ಕ್ಲಾಸಿಗೆ. ಬೆಳಗಿನ ಪಾಳಿ ಮುಗಿಸಿ ಬಂದು ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿದ್ದೆ. ಈ ಸಲ ಓಡಿ ಬಂದಳು. ಆದರೆ ಬರೆಯಬೇಕಾದದ್ದು ಬೆಳಗಿನದು.

ಬಸ್ ಬರುವ ಮೊದಲೇ ಮುತ್ತುರಾಜ್ ಬಂದು ನಿಂತಿದ್ದರು. ಬಸ್ ಬಂದದ್ದೇ ಜೇಬಿನಿಂದ ನಿಂಬೆಹಣ್ಣು ತೆಗೆದು, ಡ್ರೈವರನ್ನು ನಿಲ್ಲಿಸಿ, ಮುಂದಿನ ಚಕ್ರದ ಕೆಳಗಿಟ್ಟರು. "ಹೋಗ್ಬಾ" ಎಂದರು. ಕೆಲಸ ಬಿಟ್ಬುಡು ಅಂದವರು.

ನಾನು ಹತ್ತುವಷ್ಟರಲ್ಲಿ ನಮ್ಮವರೆಲ್ಲ ಕೂತಿದ್ದರು, ಒಳಗೆ ಭಾರಿ ವಾದ ನಡೆಯುತ್ತಿತ್ತು. ಚಿಕ್ಕಮಾರಮ್ಮ ಎದೆ ಬಡಿದುಕೊಂಡು ಹೇಳುತ್ತಿದ್ದಳು. "ಆ ಬರೀ ಒಂದು ಬರ್ದಿದ್ ಚೀಟಿ ನಂದೇ ಕಣ್ರವ್ವ. ಮಾರಮ್ಮನ್ ಮುಂದೆ ಕರ್ಪೂರ ಮುಟ್ಟಿದ್ಮ್ಯಾಕೆ ತಪ್ತೀನಾ ನಾನು?"

"ಹೋಗಕ್ಕ, ಅದು ನಂದು" ಎಂದಳು ಹಿಂದಿನ ಸೀಟಿನ ಶಕುಂತಲಮ್ಮ. "ನನ್ ಮಗೀನ ಮ್ಯಾಲೆ ಆಣೆ." ಕಿಟಕಿಯ ಪಕ್ಕದಿಂದ ಇನ್ನೊಬ್ಬಳು, ಅದರ ಹಿಂದಿನಿಂದ ಮತ್ತೊಬ್ಬಳು. ನಂದು, ನಂದು ಎಂದು ಬಸ್ಸಿನ ತುಂಬ ಕೂಗು. ಆಣೆ ಉಳಿಸಿಕೊಂಡವಳು ನಾನೇ ಎಂದು ಇಪ್ಪತ್ತಮೂರು ಜನರೂ ಹೇಳುವವರೇ. ಚೀಟಿ ಮಾತ್ರ ಒಂದು.

ನಾನು ಕಂಬಿ ಹಿಡಿದು ನಿಂತಿದ್ದೆ. ಬಾಯಿ ತಾನಾಗಿ ತೆರೆಯಿತು. "ಅದು ನಂದು. ನಾನು ಅರುಣಕ್ಕಂಗೆ ಬರೀಲಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನಿಜ ಹೊರಗೆ ಬಂತು, ಉಗಿದರೆ ಉಗಿಯಲಿ ಎಂದು ನಿಂತೇ ಇದ್ದೆ.

ಚಿಕ್ಕಮಾರಮ್ಮ ಮೊದಲು ನಕ್ಕಳು, ಆಮೇಲೆ ಬಸ್ಸಿಗೆ ಬಸ್ಸೇ ನಕ್ಕಿತು. "ಸಾಕ್ ಬುಡವ್ವ ತಾಯಿ! ಎರಡು ತಿಂಗ್ಳು ಆಯಮ್ಮನ ಮನೇಲಿ ಉಂಡೋಳು ನೀನು. ನಮ್ಮಂಥೋರೇ ಬರ್ದಿದ್ದೀವಿ, ನೀನು ಬರೀದೇ ಇರ್ತೀಯಾ? ನಮ್ ಆಣೆ ಉಳ್ಸಕ್ಕೆ ಸುಳ್ಳು ಹೇಳ್ತಾವ್ಳೆ ನೋಡ್ರೇ ಇವ್ಳು. ಬಾ, ಕೂತ್ಕೊ."

ಅವಳು ಕಿಟಕಿಯ ಕಡೆ ಸರಿದು ಜಾಗ ಮಾಡಿದಳು. ನಾನು ಕೂತೆ. ಬಸ್ಸು ನಿಂಬೆಹಣ್ಣಿನ ಮೇಲೆ ಹಾದು ಹೊರಟಿತು.